ನೆಲ ಮುಟ್ಟದ ಹಲ್ಲು

ಒಂದು ರಾಜ್ಯವಿತ್ತಂತೆ. ಬಹಳ ದೂರದ್ದೇನಲ್ಲ, ಬಹಳ ದೊಡ್ಡದೂ ಅಲ್ಲ. ಈ ಬೇಲಿಯ ಬಳಿ ನಿಂತು ಸೀನಿದರೆ ಆ ಬೇಲಿಯ ಬಳಿ ಮೇಯುವ ಹಸು ತಲೆಯೆತ್ತಿ ನೋಡುವಷ್ಟು. ಆ ರಾಜ್ಯಕ್ಕೊಬ್ಬ ರಾಜ. ಅವನಿಗೆ ಕಿರೀಟವಿರಲಿಲ್ಲ, ಬೆವರು ಕುಡಿದು ಕುಡಿದು ಗಟ್ಟಿಯಾಗಿದ್ದ ಬಟ್ಟೆ ಟೋಪಿ ಇತ್ತು. ಸಿಂಹಾಸನವಿತ್ತು, ಅದು ಟ್ರ್ಯಾಕ್ಟರಿನ ಮೇಲಿತ್ತು, ಅದರ ಹರಿದ ಸೀಟಿಗೆ ರಾಣಿ ಹಳೆಯ ಕಂಬಳಿಯ ತೇಪೆ ಹಾಕಿ ಕೊಟ್ಟಿದ್ದಳು. ಒಬ್ಬ ಮಂತ್ರಿಯೂ ಇದ್ದ. ರಾಜ ಹೂಂ ಅಂದರೆ ಹೂಂ, ಊಹೂಂ ಅಂದರೆ ಊಹೂಂ. ಕಥೆಗಳಲ್ಲಿ ಬರುವ ರಾಜರಿಗೆ ಬೇಟೆಯ ಹುಚ್ಚೋ ಜೂಜಿನ ಹುಚ್ಚೋ ಇರುತ್ತದಲ್ಲ, ಈ ರಾಜನಿಗೆ ನೇರ ಗೆರೆಯ ಹುಚ್ಚು.

ಅವನು ಹುಲ್ಲು ಕೊಯ್ದರೆ ಹೊಲದ ಈ ತುದಿಯಿಂದ ಆ ತುದಿಗೆ ದಾರ ಹಿಡಿದು ಎಳೆದಂಥ ಸಾಲುಗಳು. ಕೊಯ್ದ ಮೇಲೆ ಉದ್ದ ಹಿಡಿಯ ಮರದ ಕುಂಟೆ ಹಿಡಿದು ಒಂದೊಂದು ಸಾಲನ್ನೂ ಬಾಚುತ್ತಿದ್ದ. ಅಂಚಿನಿಂದ ಹೊರಗೆ ಇಣುಕಿದ ಎಳೆಗಳನ್ನು ಬಗ್ಗಿ ಬೆರಳಿನಿಂದ ಒಳಗೆ ಸಿಕ್ಕಿಸುತ್ತಿದ್ದ, ಮಗುವಿನ ಕಿವಿಯ ಹಿಂದೆ ಕೂದಲು ಸಿಕ್ಕಿಸುವ ಹಾಗೆ. ಆಮೇಲೆ ರಸ್ತೆ ಬದಿಯ ಬೇಲಿಗೆ ಹೋಗಿ, ಯಾರೋ ಬರುತ್ತಾರೆಂದು ಕಾಯುತ್ತಿರುವವನಂತೆ ಅಲ್ಲ, ಬೇಲಿಯ ಗೂಟ ಅಲುಗುತ್ತಿದೆಯೇ ಎಂದು ನೋಡುತ್ತಿರುವವನಂತೆ ನಿಲ್ಲುತ್ತಿದ್ದ. ದಾರಿಹೋಕರು ಅವನಿಗೆ ಗೆರೆರಾಯ ಎಂದು ಹೆಸರಿಟ್ಟಿದ್ದರು. ಕರೆಯುವಾಗ ಅವರು ನಗುತ್ತಿದ್ದರು. ಅವನು ಅದನ್ನು ಬಿರುದು ಅಂದುಕೊಂಡು ಇಟ್ಟುಕೊಂಡಿದ್ದ.

ಇಷ್ಟು ಹೊತ್ತು ರಾಜ ರಾಜ ಅಂದದ್ದು ಸೊಸೆಯ ಮಾವನನ್ನು. ರಾಣಿ ಅಂದರೆ ಅತ್ತೆ. ಮಂತ್ರಿ ಅಂದರೆ ಅವರ ಮಗ, ಸೊಸೆಯನ್ನು ಕಟ್ಟಿಕೊಂಡ ಗಂಡ. ಕಥೆ ಹೇಳುವವರು ರಾಜನನ್ನು ಏಕವಚನದಲ್ಲಿ ಕರೆಯಬಹುದು, ಸೊಸೆ ಕರೆಯುವ ಹಾಗಿಲ್ಲ. ಅದಕ್ಕೇ ಅವಳ ಬಾಯಲ್ಲಿ ಯಾವಾಗಲೂ "ಮಾವ, ನೀವು". ಮನಸ್ಸಿನಲ್ಲಿ ಮಾತ್ರ ಅವಳು ಕಥೆ ಹೇಳುವವರ ಪಕ್ಷ. ಅತ್ತೆಗೆ ಎರಡೂ ಕಡೆ ಬಹುವಚನ.

ಮದುವೆಯಾಗಿ ಬಂದ ಹೊಸತರಲ್ಲಿ ಅವಳೂ ಆ ಬೇಲಿಯ ಬಳಿ ನಿಂತು, "ಅಯ್ಯೋ, ಎಷ್ಟು ಚೆಂದ! ಬಾಚಿದ ತಲೆ ಇದ್ದ ಹಾಗಿದೆ" ಎಂದು ಕಣ್ಣರಳಿಸಿದ್ದವಳೇ. ಗೆರೆರಾಯ ಅಂದು ಊಟಕ್ಕೆ ಕೂತಾಗ, "ಹುಡುಗಿಗೆ ಕಣ್ಣಿದೆ ಕಣೋ" ಎಂದು ಮಗನಿಗೆ ಹೇಳಿದ್ದ. ಆ ಮಾತು ನೆನಪಾದರೆ ಈಗ ಅವಳಿಗೆ ನಾಲಗೆಯನ್ನು ಉಪ್ಪು ಹಾಕಿ ಉಜ್ಜಬೇಕು ಅನ್ನಿಸುತ್ತಿತ್ತು.

ಯಾಕೆಂದರೆ ಸಾಲು ನೋಡುವವರಿಗೆ ಮೇಲುಗಡೆ ಮಾತ್ರ ಕಾಣುತ್ತದೆ. ಬಿಸಿಲಿಗೆ ಮೇಲಿನ ಹುಲ್ಲು ಗರಿಗರಿಯಾಗಿ ಹೊಳೆಯುತ್ತದೆ, ಅಡಿಯದು ಮಣ್ಣಿನ ತೇವ ಹೀರಿಕೊಂಡು ಹಸಿಹಸಿಯಾಗಿ ಮಲಗಿರುತ್ತದೆ. ಹೋದ ವರ್ಷ ಆ ಹುಲ್ಲನ್ನು ಹಾಗೇ ಕಟ್ಟಿ ಕೊಟ್ಟಿಗೆಯ ಅಟ್ಟಕ್ಕೆ ಏರಿಸಿದರು. ಅಟ್ಟ ಬೆವರಿತು. ಕಟ್ಟು ಬಿಚ್ಚಿದರೆ ಬೂದಿಯಂಥ ಬೂಷ್ಟು ಮುಖಕ್ಕೆ ಹಾರುತ್ತಿತ್ತು. ಬೇರೆ ಮೇವಿಲ್ಲ, ಕೊಟ್ಟದ್ದನ್ನೇ ಕೆಂಪು ಹಸು ತಿಂದಿತು. ತಿಂದು, ಹೊಟ್ಟೆಯಲ್ಲಿದ್ದ ಕರುವನ್ನು ಅರ್ಧಕ್ಕೇ ಹಾಕಿತು. ಆ ಹಸು ಕರುವಾಗಿದ್ದಾಗಿನಿಂದ ಸೊಸೆ ಅದನ್ನು ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದಳು. ದನದ ಡಾಕ್ಟರು ಬಂದು, "ಹುಲ್ಲು ತೋರ್ಸಿ" ಅಂದರು. ಒಂದು ಹಿಡಿ ಮೂಸಿದರು. ಮನೆಯವರೆಲ್ಲರ ಮುಖವನ್ನು ಒಂದು ಸುತ್ತು ನೋಡಿ, ಕೈ ತೊಳೆದುಕೊಂಡು ಹೊರಟುಹೋದರು.

"ಹಸುಗಳಿಗೆ ಒಮ್ಮೊಮ್ಮೆ ಹೀಗಾಗುತ್ತಮ್ಮ" ಅಂದಿದ್ದ ಗೆರೆರಾಯ. "ಹವಾಮಾನ."

ಈ ವರ್ಷ ಕೆಂಪು ಹಸು ಮತ್ತೆ ಗಬ್ಬವಾಗಿತ್ತು. ಸೊಸೆ ಈ ಸಲ ಸುಮ್ಮನಿರುವವಳಲ್ಲ. ತವರಿನಲ್ಲಿ ಅಣ್ಣನ ಹತ್ತಿರ ಹುಲ್ಲು ಕೆದರುವ ಯಂತ್ರವಿತ್ತು. ಅವನು ದೊಡ್ಡದು ತೆಗೆದುಕೊಂಡ ಮೇಲೆ ಹಳೆಯದು ಶೆಡ್ಡಿನಲ್ಲಿ ತುಕ್ಕು ಹಿಡಿಯುತ್ತಿತ್ತು. ಹಟ ಹಿಡಿದು ತರಿಸಿದಳು. ಅದನ್ನು ಮಾಡಿದ ಕಂಪನಿಯವರು ಟೆಡರ್ ಅನ್ನುತ್ತಾರೆ. ಅಡ್ಡಕ್ಕೆ ಒಂದು ಕಬ್ಬಿಣದ ತೊಲೆ, ತೊಲೆಯ ಉದ್ದಕ್ಕೂ ಮಲಗಿದ ಚಕ್ರಗಳು, ಚಕ್ರಗಳ ಸುತ್ತ ಸ್ಪ್ರಿಂಗಿನ ಉದ್ದುದ್ದ ಹಲ್ಲುಗಳು. ಟ್ರ್ಯಾಕ್ಟರಿನ ಬೆನ್ನಿಗೆ ಕಟ್ಟಿ ಲಿವರ್ ಇಳಿಸಿದರೆ ಹಲ್ಲು ನೆಲ ಸವರುತ್ತ ತಿರುಗುತ್ತವೆ. ಮಲಗಿದ ಹುಲ್ಲನ್ನು ಎಬ್ಬಿಸಿ, ಗಾಳಿಗೆ ತೂರಿ, ಹೊಲದ ತುಂಬ ಹರಡುತ್ತವೆ. ಅಡಿಯದು ಮೇಲೆ ಬರುತ್ತದೆ, ಬಿಸಿಲು ನೋಡುತ್ತದೆ. ಅಷ್ಟೇ ಅದರ ಕೆಲಸ.

ಲಾರಿಯಿಂದ ಇಳಿಸುವಾಗ ಅತ್ತೆ ಅದರ ಸುತ್ತ ಒಂದು ಪ್ರದಕ್ಷಿಣೆ ಬಂದು, "ಇದು ಕೋಳಿ ಕಣೇ" ಅಂದರು. "ಕಾಲಲ್ಲಿ ಕೆದರೋದು ಬಿಟ್ರೆ ಇದಕ್ಕೆ ಬೇರೆ ಏನು ಗೊತ್ತಿದೆ?"

ಅಂದಿನಿಂದ ಅದು ಕೋಳಿ.

ಅಡುಗೆಮನೆಯ ಮೇಜಿನ ಸುತ್ತ ಎಲ್ಲರೂ ಕೂತಿದ್ದಾಗ ಸೊಸೆ ಮಾತು ತೆಗೆದಳು. "ಮಾವ, ಈ ಸಲ ಕೊಯ್ದ ಮಾರನೇ ದಿನವೇ ಕೆದರಬೇಕು. ಒಣಗಿದ ಮೇಲೆ ಮತ್ತೆ ಸಾಲು ಮಾಡ್ಕೊಳ್ಳಿ, ಎಷ್ಟು ಬೇಕಾದ್ರೂ ಬಾಚ್ಕೊಳ್ಳಿ, ಯಾರು ಬೇಡ ಅಂತಾರೆ?"

ಗೆರೆರಾಯ ಕಿಟಕಿಯಾಚೆ ನೋಡಿದ. ಕೋಳಿ ಅಂಗಳದಲ್ಲಿ ಹಲ್ಲು ಕಿರಿದುಕೊಂಡು ನಿಂತಿತ್ತು.

"ಒಂದ್ಸಲ ಕೆದರಿದ ಹುಲ್ಲು ಮತ್ತೆ ಆ ಗೆರೆಗೆ ಬರಲ್ಲಮ್ಮ."

"ಬರದಿದ್ರೆ ಹಸು ಮುನಿಸ್ಕೊಳ್ಳುತ್ತಾ?" ಅಂದರು ಅತ್ತೆ, ಪಾತ್ರೆಯಿಂದ ಕಣ್ಣೆತ್ತದೆ.

ಸೊಸೆ ಮಾತು ಬಿಡಲಿಲ್ಲ. "ಮಾತು ಕೊಡಿ ಮಾವ."

"ಕೊಟ್ಟೆನಮ್ಮ! ಕೆದರ್ತೀನಿ ಅಂದ್ಮೇಲೆ ಕೆದರ್ತೀನಿ. ನಾನೇನು ಹಾದೀಲಿ ಹೋಗೋನಾ?"

"ಅಪ್ಪ ಹೇಳಿದ್ರಲ್ಲ, ಆಯ್ತು ಬಿಡು" ಅಂದ ಮಂತ್ರಿ.

ಮಾತು ಕೊಟ್ಟ ರಾಜರು ಕಥೆಗಳಲ್ಲಿ ಕತ್ತಿ ಹಿರಿಯುತ್ತಾರೆ. ಇವನು ಬ್ರಷ್ ಹಿಡಿದ. ತುಕ್ಕು ಹಿಡಿದ ಯಂತ್ರ ತನ್ನ ಹೊಲದಲ್ಲಿ ಓಡಾಡುವುದೆಂದರೆ ಏನು ಮರ್ಯಾದೆ? ತೊಲೆಗೆ ಹಸಿರು ಬಣ್ಣ, ಚಕ್ರಕ್ಕೆ ಹಳದಿ, ಹಲ್ಲುಗಳಿಗೆ ಒಂದೊಂದಾಗಿ, ಬುಡದಿಂದ ತುದಿಯವರೆಗೆ, ಕುಂಕುಮಗೆಂಪು. ಬಣ್ಣ ಬಳಿಯುವಾಗ ಅವನ ನಾಲಗೆ ತುಟಿಯಾಚೆ ಬಂದು ಬ್ರಷ್ ಹೋದ ಕಡೆಗೆಲ್ಲ ತಿರುಗುತ್ತಿತ್ತು. ನೆಲ ಉಜ್ಜುವ ಹಲ್ಲಿಗೆ ಬಣ್ಣ! ಹಾರೆಗೆ ಉಗುರುಬಣ್ಣ ಹಚ್ಚುವವರನ್ನಾದರೂ ಕಂಡೇನು ಅಂದುಕೊಂಡಳು ಸೊಸೆ. ಬಾಯಲ್ಲಿ, "ಚೆನ್ನಾಗಿದೆ ಮಾವ, ಬೇಗ ಮುಗಿಸಿ" ಅಂದಳು.

ಬಿಸಿಲು ಚೆನ್ನಾಗಿ ಹೊಡೆಯುತ್ತಿದ್ದ ಒಂದು ಬೆಳಿಗ್ಗೆ ಹುಲ್ಲು ಕೊಯ್ದದ್ದಾಯಿತು. ಸಾಲುಗಳು ಎಂದಿಗಿಂತ ನೇರವಾಗಿದ್ದವು. ಮಾರನೇ ದಿನ ಬಂತು. ಇಬ್ಬನಿ ಆರಿಲ್ಲ ಅಂದ ಗೆರೆರಾಯ. ಇಬ್ಬನಿ ಆರಿತು, ಬಣ್ಣ ಆರಿಲ್ಲ ಅಂದ. ಆ ಮನೆಯಲ್ಲಿ ಹುಲ್ಲು ಒಣಗುವುದಕ್ಕಿಂತ ಮೊದಲು ಬಣ್ಣ ಒಣಗಬೇಕಿತ್ತು. ಅದರ ಮಾರನೇ ದಿನ ಗಾಳಿಯ ದಿಕ್ಕು ಸರಿಯಿಲ್ಲ ಅಂದ. ಅಷ್ಟರಲ್ಲಿ ಕುಂಟೆ ಹಿಡಿದು ಹೊಲಕ್ಕೆ ಹೋಗಿ, ಗಾಳಿ ಕದಡಿದ್ದನ್ನೆಲ್ಲ ಮತ್ತೆ ಬಾಚಿ ಬಂದ. ರೇಡಿಯೊದಲ್ಲಿ ವಾರದ ಕೊನೆಗೆ ಮಳೆ ಅಂದರು. ಅವನು ಎದ್ದು ಹೋಗಿ ರೇಡಿಯೊ ಆರಿಸಿದ.

ಬೇಲಿಯಾಚೆ ಅವನಿಗೊಬ್ಬ ಹೊಗಳುಭಟ ಬೇರೆ ಇದ್ದ. ಹಾಲಿನ ವ್ಯಾನಿನವನು. ದಿನಾ ಬೆಳಿಗ್ಗೆ ತುಂಬಿದ ಕ್ಯಾನುಗಳನ್ನು ಏರಿಸಿಕೊಂಡು ಹೋಗುವಾಗ ವ್ಯಾನು ನಿಲ್ಲಿಸಿ, ಕಿಟಕಿಯಿಂದ ಮೊಳದುದ್ದ ಕತ್ತು ಹೊರಹಾಕಿ, "ಏನ್ ಯಜಮಾನ್ರೇ, ಸ್ಕೇಲ್ ಇಟ್ಟು ಹೊಡೆದ್ರಾ?" ಅನ್ನುತ್ತಿದ್ದ. ಆ ಒಂದು ಮಾತಿಗೆ ಗೆರೆರಾಯ ಮಧ್ಯಾಹ್ನದವರೆಗೂ ಉಬ್ಬಿಕೊಂಡಿರುತ್ತಿದ್ದ. ಹುಲ್ಲಿಗೂ ಹಾವಿಗೂ ವ್ಯತ್ಯಾಸ ಗೊತ್ತಿಲ್ಲದ ಆ ವ್ಯಾನಿನವನು ಪಕ್ಕದ ಹೊಲದವನಿಗೂ ಅದೇ ಮಾತು ಹೇಳುತ್ತಾನೆ ಎಂಬುದು ಸೊಸೆಗೆ ಗೊತ್ತಿತ್ತು. ಪಕ್ಕದ ಹೊಲದಲ್ಲಿ ಆಗ ಇದ್ದದ್ದು ಬದನೆಗಿಡ.

ಕೊನೆಗೊಂದು ಬೆಳಿಗ್ಗೆ ಸೊಸೆ ಹಾಲು ಕರೆಯುತ್ತಿದ್ದಾಗ ಟ್ರ್ಯಾಕ್ಟರ್ ಗುಡುಗಿತು. ಹಿಂದೆಯೇ ಕೋಳಿಯ ಚಕ್ರಗಳು ಗರಗರ ತಿರುಗುವ ಸದ್ದು. ಅವಳ ಕೈ ಕೆಚ್ಚಲ ಮೇಲೇ ನಿಂತಿತು. ಕೆಂಪು ಹಸುವಿನ ಪಕ್ಕೆಗೆ ಹಣೆ ಒತ್ತಿ, "ಕೇಳಿಸ್ತಾ? ನಿನಗೇ" ಅಂದಳು. ಇಡೀ ಬೆಳಿಗ್ಗೆ ಆ ಸದ್ದು ಹೊಲದ ಉದ್ದಕ್ಕೆ ಹೋಗಿ ಬಂದು ಮಾಡಿತು. ಪಾಪ, ಮನುಷ್ಯ ಕೆಟ್ಟವನಲ್ಲ, ವಯಸ್ಸಾದ ಹಾಗೆ ಒಂದೊಂದು ಹಟ ಇರುತ್ತದೆ, ತಾನೇ ಸುಮ್ಮನೆ ಹಲ್ಲು ಕಡಿಯುತ್ತಿದ್ದೆ ಎಂದೆಲ್ಲ ಅವಳಿಗೆ ಅನ್ನಿಸಿತು. ಗೆರೆರಾಯ ಊಟಕ್ಕೆ ಬಂದಾಗ ತಟ್ಟೆಗೆ ಒಂದು ಸೌಟು ಹೆಚ್ಚಿಗೇ ಬಡಿಸಿದಳು. ಅವನು ಅಷ್ಟನ್ನೂ ತಿಂದ.

ಸಂಜೆ ಬಿಸಿಲು ತಗ್ಗಿದ ಮೇಲೆ ನೋಡಲು ಹೋದಳು. ಹೊಲದ ಗೇಟಿನ ಮೇಲೆ ಕೈಯಿಟ್ಟವಳು ಹಾಗೇ ನಿಂತಳು.

ಸಾಲುಗಳು ಹಾಗೇ ಇದ್ದವು. ದಾರ ಹಿಡಿದು ಎಳೆದ ಹಾಗೆ.

ಮೊದಲು, ಒಣಗಿತೇನೋ, ಮತ್ತೆ ಸಾಲು ಮಾಡಿಬಿಟ್ಟನೇನೋ ಅಂದುಕೊಂಡಳು. ಬಗ್ಗಿ ಒಂದು ಸಾಲಿನೊಳಗೆ ಮೊಣಕೈವರೆಗೆ ಕೈ ತೂರಿಸಿದಳು. ಮೇಲೆ ಗರಿಗರಿ. ಬೆರಳು ಇಳಿದ ಹಾಗೆ ತಣ್ಣಗೆ, ಆಮೇಲೆ ಒದ್ದೆ, ತಳದಲ್ಲಿ ಬೆಚ್ಚಗೆ. ಜ್ವರ ಬಂದ ಮಗುವಿನ ಕಂಕುಳಿನ ಹಾಗೆ ಬೆಚ್ಚಗೆ. ಕೈ ಹೊರಗೆ ತೆಗೆದರೆ ಹುಳಿ ವಾಸನೆ. ಹೋದ ವರ್ಷದ ಅಟ್ಟದ ವಾಸನೆ ಮರಿಯಾಗಿದ್ದಾಗ ಹೀಗೇ ಇತ್ತು.

ಶೆಡ್ಡಿಗೆ ಬಂದು ಕೋಳಿಯನ್ನು ನೋಡಿದಳು. ಹಲ್ಲುಗಳ ನಡುವೆ ಹುಲ್ಲಿನ ಎಳೆ ಒಂದೂ ಸಿಕ್ಕಿಕೊಂಡಿರಲಿಲ್ಲ. ಬಗ್ಗಿ ಒಂದೊಂದರ ತುದಿಯನ್ನೂ ಬೆರಳಿನಿಂದ ಸವರಿದಳು. ಕುಂಕುಮಗೆಂಪು ಎಲ್ಲಿಯೂ ಇಷ್ಟೂ ಕಿತ್ತುಹೋಗಿರಲಿಲ್ಲ. ಒಂದು ಗಳಿಗೆ ನೆಲ ಉಜ್ಜಿದ್ದರೂ ತುದಿ ಬೆಳ್ಳಗೆ ಮಿಂಚಬೇಕಿತ್ತು. ಲಿವರ್ ನೋಡಿದಳು. ಮೇಲೆತ್ತಿ ಇಟ್ಟದ್ದು ಮೇಲೆತ್ತಿದಂತೇ ಇತ್ತು.

ಇಡೀ ಬೆಳಿಗ್ಗೆ ಅವನು ಕೋಳಿಯನ್ನು ಹುಲ್ಲಿಗೆ ಸೋಕದ ಹಾಗೆ ಗಾಳಿಯಲ್ಲೇ ತಿರುಗಿಸಿಕೊಂಡು, ಟ್ರ್ಯಾಕ್ಟರಿನ ಚಕ್ರಗಳನ್ನು ಸಾಲುಗಳ ನಡುವೆ ಜೋಪಾನವಾಗಿ ನಡೆಸಿಕೊಂಡು, ಹೋಗಿ ಬಂದು ಮಾಡಿದ್ದ. ಕೆದರುವ ಸದ್ದು ಮನೆಗೆ, ಸಾಲು ರಸ್ತೆಗೆ. ಎರಡು ಕಡೆಯೂ ಸೈ!

ಗಂಡ ಹಗ್ಗ ಸುತ್ತುತ್ತ ಅಲ್ಲೇ ಇದ್ದ.

"ರೀ, ನಿಮಗೆ ಗೊತ್ತಿತ್ತಾ?"

ಅವನು ಹಗ್ಗದ ತುದಿ ಹುಡುಕುವುದರಲ್ಲಿ ಬಹಳ ಮಗ್ನನಾದ. "ಎತ್ತಿದ್ದು ನೋಡ್ದೆ. ಏನೋ ಕಾರಣ ಇರುತ್ತೆ ಅಂದ್ಕೊಂಡೆ."

"ಏನು ಕಾರಣ?"

"ಅಪ್ಪನಿಗೆ ಬೇಜಾರಾಗುತ್ತೆ ಕಣೇ. ನಿನಗೂ ಸದ್ದು ಕೇಳಿ ಸಮಾಧಾನ ಆಯ್ತು, ಅವ್ರಿಗೂ ಸಾಲು ಉಳೀತು..."

"ಹಸುವಿಗೆ?"

ಅವನು ಹಗ್ಗವನ್ನು ಇನ್ನೊಂದು ಸುತ್ತು ಸುತ್ತಿದ. ಈ ಹಗ್ಗವನ್ನು ಕಟ್ಟಿಕೊಂಡಿದ್ದರೂ ಯಾವುದಾದರೂ ಕೆಲಸಕ್ಕೆ ಬರುತ್ತಿತ್ತು ಅನ್ನಿಸಿತು ಅವಳಿಗೆ.

ಮಾರನೇ ದಿನ ಗುಡ್ಡದ ಹಿಂದೆ ಮೋಡದ ತಲೆ ಕಾಣಿಸಿತು. ಇನ್ನೂ ದೂರ, ಇನ್ನೂ ಬೆಳ್ಳಗೆ. ಊಟದ ಹೊತ್ತಿಗೆ ಸೊಸೆ ಹೊಲಕ್ಕೆ ಹೋಗಿ ಸಾಲಿನ ತಳದಿಂದ ಎರಡು ಕೈ ತುಂಬ ಹುಲ್ಲು ಕಿತ್ತು ತಂದಳು. ಕಪ್ಪಾಗುತ್ತಿದ್ದ, ಒಂದಕ್ಕೊಂದು ಅಂಟಿಕೊಂಡ, ಸಣ್ಣಗೆ ಹಬೆಯಾಡುತ್ತಿದ್ದ ಹುಲ್ಲು. ಅಡುಗೆಮನೆಯಲ್ಲಿ ತಟ್ಟೆಯೊಂದನ್ನು ತೆಗೆದು ಅದರಲ್ಲಿ ಇಡುತ್ತಿದ್ದಾಗ ಅತ್ತೆ ಒಳಗೆ ಬಂದರು. ತಟ್ಟೆ ನೋಡಿದರು, ಸೊಸೆಯ ಮುಖ ನೋಡಿದರು.

"ಆ ತಟ್ಟೆ ಬೇಡ, ಚಿಕ್ಕದಾಯ್ತು" ಅಂದರು. "ಅಲ್ಲಿ ದೊಡ್ಡದಿದೆ ನೋಡು. ಮುಚ್ಚಳಾನೂ ಇದೆ."

ಗೆರೆರಾಯ ಕೈ ತೊಳೆದು ಬಂದು ಕುರ್ಚಿ ಎಳೆದುಕೊಂಡ. "ಏನಿವತ್ತು ಮುಚ್ಚಿಟ್ಟಿದ್ದೀರಿ? ವಿಶೇಷಾನಾ?" ಎನ್ನುತ್ತ ತಾನೇ ಮುಚ್ಚಳ ತೆಗೆದ.

ಹುಳಿ ವಾಸನೆ ಮೇಜಿನ ತುಂಬ ಹರಡಿತು. ಗಂಡ ತುತ್ತು ಕೈಯಲ್ಲಿ ಹಿಡಿದೇ ನಿಂತ ಗಡಿಯಾರದ ಹಾಗಾದ.

"ನಿಮ್ಮದೇ ಬೆಳೆ ಮಾವ" ಅಂದಳು ಸೊಸೆ. "ಮೇಲುಗಡೆ ಚೆನ್ನಾಗಿರೋದನ್ನ ರಸ್ತೆಯವರು ತಿಂದ್ರು. ಇದು ಮನೆಗೆ ಉಳಿದದ್ದು."

"ಏನಿದು ಹುಡುಗಾಟ!"

"ತಿನ್ನಿ ಅಂದ್ರೆ ತಿನ್ನಿ" ಅಂದರು ಅತ್ತೆ. "ಗಬ್ಬದ ಹಸುಗೆ ಹಾಕಕ್ಕೆ ಆಗುತ್ತೆ ಅಂದ್ರೆ ನಿಮಗೂ ಆಗುತ್ತೆ. ನಿಮ್ಮ ಹೊಟ್ಟೇಲಂತೂ ಕರು ಇಲ್ಲ, ಏನು ಭಯ?"

"ನಾನು ನಿನ್ನೆ ಕೆದರಿದ್ದೀನಿ! ಎಲ್ರೂ ಕೇಳಿದ್ದಾರೆ!"

"ಕೇಳಿದ್ವಿ" ಅಂದಳು ಸೊಸೆ. "ಹಲ್ಲಿನ ಬಣ್ಣ ಮಾತ್ರ ಕೇಳಿಸ್ಕೊಂಡಿಲ್ಲ. ಒಂದು ಚೂರೂ ಸವೆದಿಲ್ಲ."

ಗೆರೆರಾಯನ ಮುಖ ಯಂತ್ರದ ಹಲ್ಲಿನ ಬಣ್ಣಕ್ಕೇ ತಿರುಗಿತು. ಟೋಪಿ ಎತ್ತಿಕೊಂಡು, ಉಣ್ಣದೆ ಎದ್ದು ಹೋದ. ಹೋಗುವ ಭರದಲ್ಲೂ ಓರೆಯಾಗಿದ್ದ ಕಾಲೊರಸನ್ನು ಕಾಲಿನಿಂದ ನೇರ ಮಾಡಿಯೇ ಹೋದ.

"ನೋಡಿದ್ಯಾ?" ಅಂದರು ಅತ್ತೆ. ಒಂದು ಜೀವಮಾನ ನೋಡಿದ ದಣಿವಿತ್ತು ಆ ಮಾತಿನಲ್ಲಿ.

ಸೊಸೆ ನೇರ ಶೆಡ್ಡಿಗೆ ಹೋದಳು. ಆ ಸಿಂಹಾಸನದ ಮೇಲೆ ಬೇರೆಯವರು ಕೂರುವ ಹಾಗಿರಲಿಲ್ಲ. ಮಂತ್ರಿಯೂ ಗಾಡಿ ಹಿಂದಕ್ಕೆ ತೆಗೆಯುವಾಗ "ಬಲಕ್ಕೆ, ಬಲಕ್ಕೆ" ಅನ್ನುವುದಕ್ಕೆ ಮಾತ್ರ. ಆದರೆ ಅವಳು ತವರಿನಲ್ಲಿ ಅಣ್ಣನ ಟ್ರ್ಯಾಕ್ಟರ್ ಓಡಿಸಿ ಬೆಳೆದವಳು. ಕಂಬಳಿಯ ತೇಪೆಯ ಮೇಲೆ ಕೂತು ಕೀಲಿ ತಿರುಗಿಸಿದಳು. ಹೊಲದ ಗೇಟು ದಾಟಿ ಮೊದಲ ಸಾಲಿನ ತಲೆಗೆ ನಿಲ್ಲಿಸಿ, ಲಿವರ್ ಇಳಿಸಿದಳು. ಕೋಳಿಯ ಹಲ್ಲು ಮೊದಲ ಸಲ ನೆಲ ಮುಟ್ಟಿದವು.

ಹುಲ್ಲು ಎದ್ದಿತು. ಅಬ್ಬಾ, ಅದು ಎದ್ದ ಪರಿ! ಅಡಿಯಲ್ಲಿ ಉಸಿರುಗಟ್ಟಿ ಬಿದ್ದಿದ್ದದ್ದು ಮೊದಲು ಹಾರಿತು, ಕಪ್ಪುಹಸಿರಾಗಿ, ಹಬೆ ಬಿಡುತ್ತ. ಬಿಸಿಲಲ್ಲಿ ಒಂದು ಕ್ಷಣ ನಿಂತು, ಕೆಳಗೆ ಬಿದ್ದು, ಬೇಕಾದ ಹಾಗೆ ಕಾಲು ಚಾಚಿ ಮಲಗಿತು. ಹುಳಿ ವಾಸನೆ ಗಾಳಿಗೆ ಹರಿದುಹೋಯಿತು. ಕಥೆಯಲ್ಲಿ ಶಾಪ ಕಳೆದ ಊರಿನ ಜನ ಕಣ್ಣುಜ್ಜಿಕೊಂಡು ಏಳುವುದು ಹೀಗೇ ಇರಬೇಕು ಅಂದುಕೊಂಡಳು. ಹಾಗೆ ಅಂದುಕೊಂಡು ಹೊಲದ ಆ ತುದಿ ಮುಟ್ಟಿ, ತಿರುಗಿಸಿ, ಬಂದ ದಾರಿ ನೋಡಿದಳು.

ಗೆರೆರಾಯ ಅವಳ ಹಿಂದೆಯೇ ಬಂದಿದ್ದ. ಕೈಯಲ್ಲಿ ಕುಂಟೆ. ಅವಳು ಕೆದರಿದ್ದನ್ನೆಲ್ಲ ಎಳೆದೆಳೆದು ಮತ್ತೆ ಸಾಲಿಗೆ ಕೂಡಿಸುತ್ತಿದ್ದ. ಅರ್ಧ ಸಾಲು ಆಗಲೇ ಬಾಚಿಕೊಂಡು ಮಲಗಿತ್ತು.

"ಮಾವ! ಏನ್ ಮಾಡ್ತಿದ್ದೀರಿ?"

"ನೀನು ನಿನ್ನ ಕೆಲಸ ಮಾಡು, ನಾನು ನನ್ನ ಕೆಲಸ ಮಾಡ್ತೀನಿ!"

ಅವಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ಸಿಟ್ಟಿಗೂ ಎದುರಿಗೊಬ್ಬ ಮನುಷ್ಯ ಬೇಕಲ್ಲ. ಗುಡ್ಡದ ಹಿಂದೆ ಮೋಡ ಕಾಣುವಾಗ, ಹಸುವಿನ ಹೊಟ್ಟೆಯಲ್ಲಿ ಕರು ಒದೆಯುವಾಗ, ಕೆದರಿದ ಹುಲ್ಲನ್ನು ಬಾಚುತ್ತ ನಿಂತವನ ಮೇಲೆ ಏನು ಸಿಟ್ಟು ಮಾಡುವುದು? ಆ ಟೋಪಿ, ಆ ಬಗ್ಗಿದ ಬೆನ್ನು, ಎಳೆಗಳನ್ನು ಸಿಕ್ಕಿಸುವ ಆ ಬೆರಳು, ಎಲ್ಲವೂ ಅವಳಿಗೆ ಗಾಜಿನ ಪೆಟ್ಟಿಗೆಯೊಳಗೆ ಇಟ್ಟ ಗೊಂಬೆಯ ಹಾಗೆ ಕಂಡಿತು. ಎರಡನೆಯ ಸಾಲು ಕೆದರಿದಳು. ತಿರುಗಿ ನೋಡಿದರೆ ಅದನ್ನೂ ಬಾಚುತ್ತಿದ್ದ, ಮಂತ್ರಿಯನ್ನು ಕರೆದು ಅವನ ಕೈಗೂ ಒಂದು ಕುಂಟೆ ಕೊಟ್ಟಿದ್ದ. ಮಂತ್ರಿ ಹೆಂಡತಿಯ ಕಣ್ಣು ತಪ್ಪಿಸಿ ಬಾಚುತ್ತಿದ್ದ.

ಗೇಟಿನ ಬಳಿ ಅತ್ತೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದರು. ಟ್ರ್ಯಾಕ್ಟರ್ ಹತ್ತಿರ ಬಂದಾಗ ಸದ್ದಿನ ಮೇಲೆ ಕೂಗಿದರು: "ಯಾಕೇ ಇಷ್ಟು ನೇರ ಹೊಡೀತೀಯ? ನೇರ ಹೊಡೆದ್ರೆ ಅವ್ರಿಗೆ ಸಾಲು ಎಲ್ಲಿತ್ತು ಅಂತ ಗೊತ್ತಾಗುತ್ತಲ್ಲೇ!"

ಸೊಸೆ ಅತ್ತೆಯ ಮುಖ ನೋಡಿದಳು. ಅತ್ತೆ ಆಕಾಶ ನೋಡಿದರು.

ಸ್ಟೀರಿಂಗ್ ತಿರುಗಿತು. ಮೂರನೆಯ ಸಾಲಿನಿಂದ ನಾಲ್ಕಕ್ಕೆ, ಅಲ್ಲಿಂದ ಓರೆಯಾಗಿ ಹೊಲದ ನಡುವಿಗೆ, ನಡುವಿನಲ್ಲಿ ಒಂದು ದೊಡ್ಡ ಸುತ್ತು, ಸುತ್ತಿನಿಂದ ಹಾವಿನ ಹಾಗೆ ಆ ಮೂಲೆಗೆ. ಹಲ್ಲು ಸಿಕ್ಕಿದ್ದನ್ನೆಲ್ಲ ಎತ್ತಿ ಎರಚಿದವು. ಒಂದು ಸಾಲಿನ ತಲೆ ಹಾರಿತು, ಇನ್ನೊಂದರ ಸೊಂಟ ಮುರಿಯಿತು, ಮತ್ತೊಂದರ ಬಾಲ ಮಾತ್ರ ಉಳಿಯಿತು. ಗೆರೆರಾಯ ಕುಂಟೆ ಹಿಡಿದು ಅತ್ತ ಓಡಿದ, ಇತ್ತ ಓಡಿದ. ಎಲ್ಲಿಂದ ಬಾಚುವುದು, ಎಲ್ಲಿಗೆ ಬಾಚುವುದು? ಮಗ್ಗಿ ಮರೆತ ಹುಡುಗನ ಹಾಗೆ ನಡುವೆ ನಿಂತುಬಿಟ್ಟ.

"ಇಳಿಯೇ! ಇಳಿ ಕೆಳಗೆ! ಸೊಟ್ಟ! ಸೊಟ್ಟ ಹೊಡೀತಿದ್ದೀಯ!"

"ನಂಗೆ ಇಷ್ಟೇ ಬರೋದು ಮಾವ!" ಎಂದು ಕೂಗಿ ಇನ್ನೊಂದು ಸುತ್ತು ಹಾಕಿದಳು.

ಆಗ ರಸ್ತೆಯಲ್ಲಿ ಹಾಲಿನ ವ್ಯಾನು ಬಂತು, ಖಾಲಿ ಕ್ಯಾನುಗಳನ್ನು ಗಡಗಡಿಸಿಕೊಂಡು. ಅಭ್ಯಾಸಬಲ, ಬೇಲಿಯ ಬಳಿ ನಿಂತಿತು. ಕತ್ತು ಹೊರಗೆ ಬಂತು. ಹೊಲ ನೋಡಿತು. ಹೊಲದ ನಡುವೆ ಕುಂಟೆ ಹಿಡಿದು ನಿಂತ ಗೆರೆರಾಯನನ್ನು ನೋಡಿತು.

"ಏನ್ ಯಜಮಾನ್ರೇ, ಹಂದಿ ನುಗ್ಗಿತ್ತಾ?"

ಹೇಳಿ, ತನ್ನ ಮಾತಿಗೆ ತಾನೇ ಬಿದ್ದು ಬಿದ್ದು ನಕ್ಕು, ವ್ಯಾನಿನವನು ಹೊರಟುಹೋದ. ಅವನ ನಗು ತಿರುವಿನವರೆಗೂ ಕ್ಯಾನುಗಳ ಜೊತೆ ಗಡಗಡ ಅನ್ನುತ್ತಿತ್ತು. ಸೊಸೆಗೆ ಅವನ ಮೇಲೆ ಆವರೆಗೂ ಇದ್ದ ತಾತ್ಸಾರ ಕಡಿಮೆಯಾಗಲಿಲ್ಲ, ಆದರೆ ಜೀವನದಲ್ಲಿ ಮೊದಲ ಸಲ ಅವನು ಉಪಯೋಗಕ್ಕೆ ಬಂದ.

ಗೆರೆರಾಯ ಕುಂಟೆ ಬಿಸಾಡಿದ. ಅವನು ಒಂದು ಸಾಮಾನನ್ನು ಅದರ ಜಾಗದಲ್ಲಿ ಇಡದೆ ಬಿಸಾಡಿದ್ದನ್ನು ಆ ಮನೆಯವರು ಅದೇ ಮೊದಲು ನೋಡಿದ್ದು. ದಾಪುಗಾಲು ಹಾಕಿಕೊಂಡು ಟ್ರ್ಯಾಕ್ಟರಿನ ಮುಂದೆ ಬಂದು ಎರಡೂ ಕೈ ಎತ್ತಿ ನಿಂತ. ಅವಳು ಕೋಳಿಯನ್ನು ನಿಲ್ಲಿಸಿ, ಬ್ರೇಕ್ ಒತ್ತಿದಳು.

"ಇಳಿ."

"ಬಾಚೋದಕ್ಕಾ?"

"ಏನನ್ನ ಬಾಚ್ಲಿ, ಹೇಳು? ಏನಿದೆ ಇಲ್ಲಿ ಬಾಚಕ್ಕೆ?" ಅವನು ಹೊಲದ ಕಡೆ ಕೈ ಬೀಸಿದ. "ಅರ್ಧ ಕೆದರಿ ಅರ್ಧ ಬಿಟ್ರೆ ಅದೇನು ಹೊಲಾನಾ, ಕ್ಷೌರ ಅರ್ಧಕ್ಕೆ ಬಿಟ್ಟ ತಲೇನಾ? ಕೆದರೋದಾದ್ರೆ ಒಂದು ಲೆಕ್ಕದಲ್ಲಿ ಕೆದರ್ಬೇಕು. ಒಂದೇ ದಪ್ಪ, ಒಂದೇ ಸಮ. ನಿಂಗೇನು ಗೊತ್ತು? ಇಳಿ!"

ಅವಳು ಇಳಿದಳು. ಇಳಿಯುವಾಗ ಲಿವರ್ ಮೇಲಿನ ಕೈಯನ್ನು ಎಲ್ಲಕ್ಕಿಂತ ಕೊನೆಗೆ ತೆಗೆದಳು, ಮತ್ತು ಅದು ಕೆಳಗೇ ಇದೆಯೇ ಎಂದು ಎರಡು ಸಲ ನೋಡಿದಳು.

"ರಸ್ತೆಯಿಂದ ನೋಡೋರಿಗೆ ಒಂದೇ ಸಮ ಕಾಣ್ಬೇಕು ಮಾವ" ಅಂದಳು. "ಈ ಮೂಲೆಯಿಂದ ಆ ಮೂಲೆಗೆ. ಒಂದು ಸಾಲೂ ಉಳೀಬಾರ್ದು. ಉಳಿದ್ರೆ ಅದೇ ಎದ್ದು ಕಾಣುತ್ತೆ."

"ನಂಗೆ ಹೇಳಿಕೊಡ್ತೀಯಾ ನೀನು?"

ಅವನು ಹೊಲದ ಅಂಚಿಗೆ ಹೋಗಿ, ಎದುರಿನ ಬೇಲಿಯ ಗೂಟವೊಂದಕ್ಕೆ ಒಂದು ಕಣ್ಣು ಮುಚ್ಚಿ ಗುರಿಯಿಟ್ಟು, ಶುರು ಮಾಡಿದ. ಉದ್ದಕ್ಕೆ ಹೋದ, ಉದ್ದಕ್ಕೆ ಬಂದ. ಹೋದಲ್ಲೆಲ್ಲ ಹುಲ್ಲು ಎದ್ದು ಕೂತು, ಹಾರಿ, ಹರಡಿಕೊಂಡಿತು. ಸೊಸೆ ಹಾಕಿದ್ದ ಹಾವು, ಸುತ್ತು, ಓರೆ ಎಲ್ಲವೂ ಒಂದೊಂದಾಗಿ ಅಳಿಸಿಹೋದವು. ಅವುಗಳ ಜೊತೆ ಅವನ ಸಾಲುಗಳೂ. ಒಂದು ಕಡೆ ಹುಲ್ಲು ದಪ್ಪಗೆ ಬಿದ್ದಿತೆಂದು ಹಿಂದಕ್ಕೆ ಬಂದು ಇನ್ನೊಮ್ಮೆ ತೂರಿಸಿದ. ಬೇಡದ ಚಂದಕ್ಕಾಗಿ ಮಾಡಿದ, ಆದರೆ ಹಸುವಿಗೆ ಬೇಕಾದದ್ದೇ ಆಯಿತು. ಗುಡ್ಡದ ಕಡೆಯಿಂದ ಒಣ ಗಾಳಿ ಬೀಸಿ ಹರಡಿದ ಹುಲ್ಲಿನೊಳಗೆ ನುಗ್ಗಿ ಸರಸರ ಅನ್ನಿಸಿತು. ಮೋಡ ಅಲ್ಲೇ ಕೂತಿತ್ತು, ಇನ್ನೂ ಬೆಳ್ಳಗೆ, ಇನ್ನೂ ಸೋಮಾರಿಯಾಗಿ.

ಗಂಡ ಕುಂಟೆ ಊರಿಕೊಂಡು ಹೆಂಡತಿಯ ಪಕ್ಕಕ್ಕೆ ಬಂದು ನಿಂತ. "ಅಪ್ಪ ಮಾತು ಕೊಟ್ರೆ ಮಾಡೇ ಮಾಡ್ತಾರೆ, ನಾನು ಹೇಳಲಿಲ್ವಾ?"

ಅವಳು ಬಗ್ಗಿ ಕಾಲ ಬಳಿಯ ಹುಲ್ಲನ್ನು ಒಂದು ಹಿಡಿ ಎತ್ತಿ ಕಿವಿಯ ಹತ್ತಿರ ಹಿಸುಕಿದಳು. ಆಗಲೇ ಸಣ್ಣಗೆ ಮುರಿಯುವ ಸದ್ದು ಶುರುವಾಗಿತ್ತು. ಮೂಸಿದಳು. ಹುಳಿಯಿರಲಿಲ್ಲ. ಆ ಹಿಡಿಯನ್ನು ಕೆಂಪು ಹಸುವಿಗೆಂದು ಸೆರಗಿಗೆ ಕಟ್ಟಿಕೊಂಡಳು.

ಹೊತ್ತು ಇಳಿಯುವ ವೇಳೆಗೆ ಕೊನೆಯ ಅಂಚು ಮುಗಿಯಿತು. ಹೊಲದಲ್ಲಿ ಒಂದು ಗೆರೆಯೂ ಉಳಿದಿರಲಿಲ್ಲ, ನಿದ್ದೆಯಿಂದ ಎದ್ದ ತಲೆಯ ಹಾಗೆ ಇತ್ತು. ಗೆರೆರಾಯ ಗೇಟಿನ ಬಳಿ ಟ್ರ್ಯಾಕ್ಟರ್ ನಿಲ್ಲಿಸಿ, ಟೋಪಿ ತೆಗೆದು ಮುಖ ಒರೆಸಿಕೊಂಡು, ಹೊಲದ ಕಡೆ ತಿರುಗಿ, ಒಂದು ಕಣ್ಣು ಮುಚ್ಚಿದ.

"ನೋಡಮ್ಮ, ಕೆದರೋದು ಅಂದ್ರೆ ಹೀಗೆ. ಎಲ್ಲಾದ್ರೂ ಹೆಚ್ಚು ಕಡಿಮೆ ಇದ್ಯಾ ತೋರ್ಸು?"

"ಇಲ್ಲ ಮಾವ" ಅಂದಳು ಸೊಸೆ, ಮನಸ್ಸಿನ ಏಕವಚನವನ್ನು ಹಾಗೇ ಇಟ್ಟುಕೊಂಡು.

"ನಾಳೆ ಬೆಳಿಗ್ಗೆ ವ್ಯಾನಿನವನು ಬರ್ಲಿ, ಹೇಳ್ತೀನಿ ಅವನಿಗೆ."

"ಹೇಳಿ ಹೇಳಿ" ಅಂದರು ಅತ್ತೆ. "ಊಟಕ್ಕೆ ಬನ್ನಿ ಈಗ. ನಿಮ್ಮ ಪಾಲು ಮುಚ್ಚಿಟ್ಟಿದ್ದೀನಿ."

ಗೆರೆರಾಯ ಒಂದು ಗಳಿಗೆ ಹೆಂಡತಿಯ ಮುಖವನ್ನು ಅನುಮಾನದಿಂದ ನೋಡಿದ. ಆಮೇಲೆ ಲಿವರ್ ಎಳೆದ. ಕೋಳಿ ಮೆಲ್ಲಗೆ ನೆಲ ಬಿಟ್ಟು ಮೇಲೆದ್ದಿತು. ಅದರ ಹಲ್ಲುಗಳಿಂದ ಹುಲ್ಲಿನ ಎಳೆಗಳು ಜೋಲುತ್ತಿದ್ದವು, ತುದಿಗಳಲ್ಲಿ ಕುಂಕುಮಗೆಂಪು ಒಂದು ಚೂರೂ ಇರಲಿಲ್ಲ. ಸವೆದು ಬೆಳ್ಳಗಾದ ಕಬ್ಬಿಣ ಸಂಜೆ ಬಿಸಿಲಿಗೆ ಮಿಂಚುತ್ತಿತ್ತು.